ಅಪ್ಪನ ಲೆಕ್ಕದ ಪುಸ್ತಕದಲ್ಲಿ ವಿಜಯಪುರ

ಶುಕ್ರವಾರ ರಾತ್ರಿ

ಅಪ್ಪನಿಗೆ ಪ್ರವಾಸ ಅಂದರೆ ಧರ್ಮಸ್ಥಳ, ಮಂತ್ರಾಲಯ, ತಿರುಪತಿ. ದೇವರ ದರ್ಶನ ಇಲ್ಲದ ಕಡೆಗೆ ದುಡ್ಡು ಖರ್ಚು ಮಾಡಿಕೊಂಡು ಯಾಕೆ ಹೋಗಬೇಕು ಎಂಬುದು ಅವರ ವಾದ. ವಿಜಯಪುರಕ್ಕೆ ಹೋಗೋಣ ಎಂದಾಗ, "ಗೋಳಗುಮ್ಮಟನ ಸ್ಕೂಲ್ ಪುಸ್ತಕದಲ್ಲೇ ನೋಡಿದ್ದೀನಿ ಬಿಡಮ್ಮ" ಎಂದುಬಿಟ್ಟರು.

ನಾನು ಬೇರೆ ಕಡೆಯಿಂದ ಬಂದೆ. "ಅಲ್ಲಿ ನಾನೂರು ವರ್ಷದ ಹಿಂದೆಯೇ ಊರಿಗೆ ಪೈಪಿನಲ್ಲಿ ನೀರು ತಂದಿದ್ದರಂತೆ ಅಪ್ಪಾ. ಮಣ್ಣಿನ ಪೈಪು."

ಅಪ್ಪ ಪೇಪರ್ ಕೆಳಗಿಟ್ಟರು. "ಮಣ್ಣಿನ ಪೈಪಾ? ಪ್ರೆಷರ್ ಹೆಂಗೆ ತಡೀತಿತ್ತು?"

ಅಷ್ಟೇ. ಟಿಕೆಟ್ ಬುಕ್ ಮಾಡಿದೆ.

ನಮ್ಮಪ್ಪ ತುಮಕೂರು ಜಿಲ್ಲೆಯ ಒಂದು ಪುರಸಭೆಯಲ್ಲಿ ಪಂಪ್ ಆಪರೇಟರ್ ಆಗಿದ್ದವರು. ಮೂವತ್ಮೂರು ವರ್ಷ ಊರಿಗೆ ನೀರು ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಊಟ, ನಿದ್ದೆ, ಹಬ್ಬ, ಜಗಳ ಎಲ್ಲವೂ ವಾಲ್ವ್ ತಿರುಗಿಸುವ ಹೊತ್ತಿಗೆ ಹೊಂದಿಕೊಂಡೇ ನಡೆದದ್ದು. ರಿಟೈರ್ ಆಗಿ ಎಂಟು ವರ್ಷವಾದರೂ ಹೊಸ ಊರಿಗೆ ಹೋದರೆ ಅವರ ಕಣ್ಣು ಮೊದಲು ಹುಡುಕುವುದು ಓವರ್‌ಹೆಡ್ ಟ್ಯಾಂಕನ್ನು. ಇನ್ನೊಂದು ಅಭ್ಯಾಸ ಲೆಕ್ಕ ಬರೆಯುವುದು. ಜೇಬಿನಲ್ಲಿ ಅಂಗೈ ಅಗಲದ ಒಂದು ಪುಸ್ತಕ, ರಬ್ಬರ್ ಬ್ಯಾಂಡು, ಚಿಕ್ಕ ಪೆನ್ಸಿಲ್ ಸದಾ ಇರುತ್ತದೆ. ಟೀ ಕುಡಿದರೂ ಬರೆಯುತ್ತಾರೆ.

ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ರಾತ್ರಿ ತುಮಕೂರಿಗೆ ಬಂತು. ಸ್ಲೀಪರ್ ಕ್ಲಾಸು, ಒಬ್ಬರಿಗೆ ನಾನೂರರ ಒಳಗೆ. ಇಬ್ಬರಿಗೂ ಸೇರಿ ಹೋಗಿ ಬರುವ ಖರ್ಚು 5000 ರೂಪಾಯಿ ದಾಟಬಾರದು ಎಂದು ಮೊದಲೇ ಮಾತಾಗಿತ್ತು. ಅಪ್ಪ ಪುಸ್ತಕದ ಹೊಸ ಹಾಳೆ ತೆಗೆದು, ಮೇಲೆ 'ಶ್ರೀ' ಬರೆದು, ಕೆಳಗೆ ರೈಲಿನ ದುಡ್ಡು ಬರೆದರು. ಆಮೇಲೆ ಚಪ್ಪಲಿಯನ್ನು ಬ್ಯಾಗಿನೊಳಗೆ ಹಾಕಿಕೊಂಡು ಮಲಗಿದರು. ರೈಲಿನಲ್ಲಿ ಕಳುವಾಗುವುದು ಚಪ್ಪಲಿಯೊಂದೇ ಎಂದು ಅವರು ಯಾಕೆ ನಂಬಿದ್ದಾರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಶನಿವಾರ

ಎಚ್ಚರವಾದಾಗ ಹೊರಗೆ ಕಪ್ಪು ನೆಲ. ಗದಗ ದಾಟಿ ಬಾದಾಮಿ, ಬಾಗಲಕೋಟೆ. ಜೋಳ, ಕಡಲೆ, ಮತ್ತೆ ಜೋಳ. ಆಲಮಟ್ಟಿ ಹತ್ತಿರ ರೈಲು ಕೃಷ್ಣೆಯನ್ನು ದಾಟುವಾಗ ಬೋಗಿಯವರೆಲ್ಲ ಕಿಟಕಿ ಕಡೆ ವಾಲಿದರು. ಎದುರಿನ ಸೀಟಿನ ಅಜ್ಜಿ ಸೆರಗಿನ ಗಂಟು ಬಿಚ್ಚಿ ನಾಣ್ಯ ತೆಗೆದು, ಕಣ್ಣಿಗೆ ಒತ್ತಿಕೊಂಡು ಹೊಳೆಗೆ ಎಸೆದರು. ಅಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ, "ನಲ್ಲಿ ಕಂದಾಯ ಕಟ್ಟು ಅಂದ್ರೆ ಒಬ್ಬರೂ ಕಟ್ಟಲ್ಲ. ಹೊಳೆಗೆ ಮಾತ್ರ ಎಸೀತಾರೆ" ಎಂದರು. ಕಂದಾಯ ವಸೂಲಿಗೆ ಮನೆ ಮನೆ ತಿರುಗಿದವರ ಸಿಟ್ಟು ಅದು.

ಊರು ಬರುವ ಮುಂಚೆಯೇ ಗುಮ್ಮಟ ಬಂತು. ಬಯಲಿನ ಅಂಚಿನಲ್ಲಿ ಬೂದು ಬಣ್ಣದ ಒಂದು ಗುಂಡು. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದರು. "ಎಷ್ಟು ಲಕ್ಷ ಲೀಟರ್ ಹಿಡಿಸಬಹುದು?" ಎಂದರು. ತಮಾಷೆ ಮಾಡುತ್ತಿರಲಿಲ್ಲ.

ಸ್ಟೇಷನ್ನಿನಿಂದ ನಡೆಯುವಷ್ಟು ದೂರದಲ್ಲಿ ಲಾಡ್ಜ್ ಸಿಕ್ಕಿತು. ಡಬಲ್ ರೂಮಿಗೆ ದಿನಕ್ಕೆ 650. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ ಮುಟ್ಟಬಹುದು. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು ಮಾತ್ರ ಎಂದರು. ನಾವು ಬಂದಾಗ ಎಂಟು ದಾಟಿತ್ತು. ಡಿಸೆಂಬರ್ ತಿಂಗಳ ತಣ್ಣೀರು ಸುರಿದುಕೊಂಡು ಬಂದ ಅಪ್ಪ, "ಪ್ರೆಷರ್ ಚೆನ್ನಾಗಿದೆ" ಎಂದರು. ಆ ಲಾಡ್ಜಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ.

ಮೊದಲ ತಪ್ಪು ಮಾಡಿದ್ದು ಹನ್ನೊಂದು ಗಂಟೆಗೆ ಗೋಳಗುಮ್ಮಟಕ್ಕೆ ಹೋಗಿದ್ದು. ಡಿಸೆಂಬರ್ ಅಂದರೆ ಸ್ಕೂಲ್ ಟ್ರಿಪ್ ಕಾಲ ಅಲ್ವಾ. ಗೇಟಿನ ಹೊರಗೆ ಸಾಲು ಸಾಲು ಬಸ್ಸು. ತಲೆಗೆ 25 ರೂಪಾಯಿ ಟಿಕೆಟ್. ಒಳಗಿನ ಹಜಾರಕ್ಕೆ ಕಾಲಿಟ್ಟರೆ ಮೇಲಿನಿಂದ ಕಿರುಚಾಟ ಮಳೆಯಂತೆ ಸುರಿಯುತ್ತಿತ್ತು. ಒಂದೊಂದು ಕೂಗೂ ಏಳೆಂಟು ಸಲ ವಾಪಸ್ ಬರುತ್ತದೆ. ಇನ್ನೂರು ಮಕ್ಕಳು ಒಟ್ಟಿಗೆ ಕೂಗಿದರೆ ಲೆಕ್ಕ ನೀವೇ ಹಾಕಿ. ಮೇಲೆ ಹತ್ತುವ ಮೆಟ್ಟಿಲು ಕಿರಿದು, ಕತ್ತಲು, ಇಳಿಯುವವರ ಕಾಲು ಹತ್ತುವವರ ತಲೆಗೆ. ಅಪ್ಪ ಮೂರನೇ ಅಂತಸ್ತಿನಲ್ಲಿ ಕಿಟಕಿ ಹಿಡಿದು ನಿಂತುಬಿಟ್ಟರು. "ಇದು ನನ್ನ ಕೈಲಾಗಲ್ಲಮ್ಮ. ಕಿವಿ ಹೋಗುತ್ತೆ."

ಇಳಿದು ಬಂದು ಎದುರಿನ ನಗಾರಖಾನೆಯಲ್ಲಿರುವ ಮ್ಯೂಸಿಯಂ ನೋಡಿದೆವು. ಅದಕ್ಕೆ 5 ರೂಪಾಯಿ. ಶುಕ್ರವಾರ ರಜೆ ಇರುತ್ತದೆ, ಹೋಗುವವರು ನೆನಪಿಡಿ. ಹಳೆಯ ಶಾಸನಗಳು, ವಿಗ್ರಹಗಳು, ಆಯುಧ, ಬರಹದ ಹಾಳೆಗಳು. ಒಳಗೆ ತಣ್ಣಗಿತ್ತು, ಸದ್ದಿರಲಿಲ್ಲ, ಆ ಹೊತ್ತಿಗೆ ನಮಗೆ ಬೇಕಾಗಿದ್ದೂ ಅದೇ.

ಮಧ್ಯಾಹ್ನ ಒಂದು ಖಾನಾವಳಿ. ಗೋಡೆಯ ಮೇಲೆ ಬಸವಣ್ಣನ ಪಟ, ಆರು ಟೇಬಲ್ಲು, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಊಟಕ್ಕೆ 90. ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಮುದ್ದೆಯ ಊರಿನವರಾದ ನಮಗೆ ರೊಟ್ಟಿ ಎರಡಾದರೆ ಸಾಕಾಗುತ್ತದೆ. ಬಡಿಸುವ ಅಕ್ಕ ಬಿಡಬೇಕಲ್ಲ.

"ಇನ್ನೊಂದ್ ಹಾಕ್ತೀನ್ರಿ ಅಜ್ಜಾರ. ಇಷ್ಟ ತಿಂದ್ರ ಹೆಂಗ್ರಿ?"

ಅಪ್ಪ ಮೂರನೆಯದನ್ನು ತಿಂದರು. ಹೊರಗೆ ಬಂದ ಮೇಲೆ, "ನಾನು ಅಜ್ಜನ ಹಾಗೆ ಕಾಣ್ತೀನಾ?" ಎಂದು ಕೇಳಿದರು. ಅವರಿಗೆ ಅರವತ್ತೆಂಟು. ನಾನು ಮಾತು ಬದಲಿಸಿ ಜಾಮಿಯಾ ಮಸೀದಿಯ ದಾರಿ ಹಿಡಿದೆ.

ಗೋಳಗುಮ್ಮಟದ ಗದ್ದಲದ ಮೇಲೆ ಮಸೀದಿಗೆ ಬಂದಿದ್ದು ಒಳ್ಳೆಯದೇ ಆಯಿತು. ಇದನ್ನು ಕಟ್ಟಲು ಶುರು ಮಾಡಿದ್ದು ಈ ಊರನ್ನು ಆಳಿದ ಆದಿಲ್ ಶಾಹಿ ಸುಲ್ತಾನರಲ್ಲಿ ಒಬ್ಬನಾದ ಒಂದನೇ ಅಲಿ ಆದಿಲ್ ಶಾ. ದೊಡ್ಡ ದೊಡ್ಡ ಕಮಾನುಗಳು, ಬಿಳಿ ಸುಣ್ಣ, ನಡುವೆ ಯಾರೋ ಒಬ್ಬರು ಕಂಬಕ್ಕೆ ಒರಗಿ ಕೂತಿದ್ದರು. ನೆಲದ ಮೇಲೆ ಒಬ್ಬೊಬ್ಬರ ನಮಾಜಿಗೆ ಒಂದರಂತೆ ಚೌಕಗಳನ್ನು ಗೆರೆ ಹಾಕಿ ಗುರುತಿಸಿದ್ದಾರೆ, ಒಟ್ಟು 2250. ಗೆರೆ ಹಾಕಿಸಿದ್ದು ಔರಂಗಜೇಬನಂತೆ. ಅಪ್ಪನಿಗೆ ಈ ಲೆಕ್ಕ ಬಹಳ ಹಿಡಿಸಿತು. ಅಂಗಳದ ನಡುವಿನ ಕೊಳದ ಹತ್ತಿರ ಹೋಗಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಬಗ್ಗಿ ನೋಡಿದರು.

ಅಲ್ಲಿಂದ ಊರೊಳಗಿನ ಕೋಟೆಯ ಕಡೆ ನಡೆದೆವು. ದಾರಿಯಲ್ಲಿ ಮೆಹತರ್ ಮಹಲ್. ಹೆಸರಿಗೆ ಮಹಲ್, ನಿಜಕ್ಕೂ ಒಂದು ಮಸೀದಿಯ ಬಾಗಿಲು ಗೋಪುರ. ಬಾಲ್ಕನಿಗೆ ಕೊಟ್ಟಿರುವ ಕಲ್ಲಿನ ಕೈಗಳ ಕೆತ್ತನೆ ನೋಡಿದರೆ ಅದು ಮರವೇ ಇರಬೇಕು ಅನ್ನಿಸುತ್ತದೆ. ಅಸಾರ್ ಮಹಲ್ ಮುಂದೆ ಒಂದು ದೊಡ್ಡ ಕೊಳ. 1646ರ ಸುಮಾರಿನಲ್ಲಿ ನ್ಯಾಯ ಹೇಳುವ ಜಾಗವಾಗಿ ಕಟ್ಟಿದ್ದು, ಆಮೇಲೆ ಪ್ರವಾದಿಯವರ ಕೂದಲಿನ ಎಳೆಗಳನ್ನು ಇಲ್ಲಿಟ್ಟರು ಎನ್ನುತ್ತಾರೆ. ಹೆಂಗಸರಿಗೆ ಒಳಗೆ ಪ್ರವೇಶ ಇಲ್ಲ. ಅಪ್ಪ ಒಬ್ಬರೇ ಹೋಗಿ ಬರಲಿ ಎಂದು ನಾನು ಕೊಳದ ಕಟ್ಟೆ ಮೇಲೆ ಕೂತೆ. ಅವರೂ ಹೋಗಲಿಲ್ಲ. ಪಕ್ಕದಲ್ಲಿ ಬಂದು ಕೂತರು. "ನೀರು ಇಲ್ಲೇ ಇದೆಯಲ್ಲ" ಎಂದರು.

ಗಗನ ಮಹಲ್ ಈಗ ಸಂಜೆ ವಾಕಿಂಗ್ ಮಾಡುವವರ ಪಾರ್ಕು. ಮೂರು ಕಮಾನು, ನಡುವಿನದು ಅರವತ್ತು ಅಡಿಗೂ ಅಗಲ. ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಶಾನನ್ನು 1686ರಲ್ಲಿ ಔರಂಗಜೇಬನ ಮುಂದೆ ಬೆಳ್ಳಿಯ ಸರಪಳಿ ಹಾಕಿ ನಿಲ್ಲಿಸಿದ್ದು ಇಲ್ಲೇ ಎಂದು ಹೇಳುತ್ತಾರೆ. ಆ ಜಾಗದಲ್ಲಿ ಹುಡುಗರು ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿದ್ದರು.

ದಿನದ ಕೊನೆಗೆ ಬಾರಾ ಕಮಾನ್. ಎರಡನೇ ಅಲಿ ಆದಿಲ್ ಶಾ ತನ್ನ ಗೋರಿಗೆಂದು ಶುರು ಮಾಡಿಸಿದ್ದು. 1672ರಲ್ಲಿ ಅವನೇ ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು. ಛಾವಣಿ ಇಲ್ಲ, ಗುಮ್ಮಟ ಇಲ್ಲ, ಕಪ್ಪು ಕಲ್ಲಿನ ಕಮಾನುಗಳು ಮಾತ್ರ ಆಕಾಶಕ್ಕೆ ಬಾಯಿ ತೆರೆದು ನಿಂತಿವೆ. ಮುಗಿದಿದ್ದರೆ ಗೋಳಗುಮ್ಮಟವನ್ನೂ ಮೀರಿಸುತ್ತಿತ್ತು ಎಂದು ಊರವರು ಹೇಳುತ್ತಾರೆ. ಇರಬಹುದು. ನನಗಂತೂ ಮುಗಿಯದೇ ಇದ್ದದ್ದೇ ಲಾಭ ಅನ್ನಿಸಿತು. ಸೂರ್ಯ ಮುಳುಗುವಾಗ ಕಮಾನಿನೊಳಗಿಂದ ಗಿಳಿಗಳು ಹಾರಿ ಹೋಗುತ್ತಿದ್ದವು. ಅಪ್ಪ, "ಬಿಲ್ ಪಾಸಾಗದ ಕಾಮಗಾರಿ" ಎಂದರು.

ರಾತ್ರಿ ಊಟಕ್ಕೆ ಮನಸ್ಸಿರಲಿಲ್ಲ. ಗಾಂಧಿ ಚೌಕದ ಹತ್ತಿರ ಮಿರ್ಚಿ ಭಜಿ, ಗಿರ್ಮಿಟ್, ಚಹಾ ಆಯಿತು. ಲಾಡ್ಜಿಗೆ ಬಂದು ಅಪ್ಪ ಲೆಕ್ಕ ಬರೆದರು. ಗೋಳಗುಮ್ಮಟದ 50 ರೂಪಾಯಿಯ ಮುಂದೆ ಪೆನ್ಸಿಲ್ ನಿಂತಿತು. "ಇದು ದಂಡ" ಎಂದರು.

"ನಾಳೆ ಬೆಳಿಗ್ಗೆ ಬೇಗ ಇನ್ನೊಂದ್ಸಲ ಹೋಗೋಣ ಅಪ್ಪಾ."

"ಮತ್ತೆ ಐವತ್ತಾ?"

ಭಾನುವಾರ

ಮತ್ತೆ ಐವತ್ತು. ಬೆಳಗಾಗುತ್ತಿದ್ದಂತೆ ಗೇಟು ತೆಗೆಯುತ್ತಾರೆ, ಆ ಹೊತ್ತಿಗೇ ಹೋದೆವು. ವಾಕಿಂಗ್‌ಗೆ ಬಂದ ನಾಲ್ಕು ಜನ, ಒಂದು ನಾಯಿ, ನಾವು. ಮಂಜು ಹುಲ್ಲಿನ ಮೇಲೆ ಇನ್ನೂ ಕೂತಿತ್ತು.

ಖಾಲಿ ಹಜಾರದಲ್ಲಿ ನಿಂತಾಗ ಮಾತ್ರ ಈ ಕಟ್ಟಡ ಏನು ಎಂದು ತಿಳಿಯುತ್ತದೆ. ಒಳಗೆ ಒಂದೇ ಒಂದು ಕಂಬ ಇಲ್ಲ. 18,000 ಚದರ ಅಡಿಗೂ ಜಾಸ್ತಿ ನೆಲ, ಅದರ ಮೇಲೆ ಒಳಗಿನ ಅಳತೆಯಲ್ಲೇ 124 ಅಡಿ ಅಗಲದ ಗುಮ್ಮಟ. ಕೆಳಗೆ ಚೌಕ, ಮೇಲೆ ದುಂಡು. ಚೌಕದ ಮೇಲೆ ದುಂಡು ಹೇಗೆ ಕೂತಿತು? ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತಾ ಮೇಲೆ ಹೋಗಿ, ಚೌಕವನ್ನು ಮೂಲೆ ಮೂಲೆಯಲ್ಲಿ ಕಿರಿದು ಮಾಡುತ್ತಾ ಗುಮ್ಮಟವನ್ನು ಹೊತ್ತಿವೆ. ಎರಡು ಮಣೆಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟರೆ ಎಂಟು ಮೂಲೆ ಬರುತ್ತದಲ್ಲ, ಹಾಗೆ. ಇದನ್ನು ವಿವರಿಸಿದ್ದು ನಾನಲ್ಲ, ಅಪ್ಪ. ನೆಲದ ಮೇಲೆ ಬೆರಳಿನಿಂದ ಚಿತ್ರ ಬರೆದು ತೋರಿಸಿದರು.

ನಡುವೆ ಕಟ್ಟೆಯ ಮೇಲೆ ಗೋರಿಗಳು. 1627ರಿಂದ 1656ರವರೆಗೆ ಆಳಿದ ಮೊಹಮ್ಮದ್ ಆದಿಲ್ ಶಾ, ಅವನ ಬೇಗಂಗಳು, ಮಗಳು, ಮೊಮ್ಮಗ, ಜೊತೆಗೆ ಆಸ್ಥಾನದ ನರ್ತಕಿ ರಂಭಾ. ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ರಂಭಾ ಸುಲ್ತಾನನ ಮೇಲಿನ ಪ್ರೀತಿ ತೋರಿಸಲು ಮೇಲಿನ ಗ್ಯಾಲರಿಯಿಂದ ಹಾರಿದಳು ಎಂದು ಗೈಡುಗಳು ಕಥೆ ಹೇಳುತ್ತಾರೆ. ನಾನು ನಂಬಲಿಲ್ಲ.

ಅಪ್ಪ ಈ ಸಲ ಒಂದೊಂದು ಅಂತಸ್ತಿಗೂ ನಿಂತು, ಕಿಟಕಿಯಲ್ಲಿ ಊರು ನೋಡುತ್ತಾ ಹತ್ತಿದರು. ಏಳು ಅಂತಸ್ತು. ಅರ್ಧ ಗಂಟೆ ಹಿಡಿಯಿತು. ಮೇಲೆ ಹೋಗಿ ಗುಮ್ಮಟದೊಳಗೆ ಬಾಗಿ ಬಂದರೆ ಪಿಸುಗುಟ್ಟುವ ಗ್ಯಾಲರಿ. ಸುಮಾರು ಹನ್ನೊಂದು ಅಡಿ ಅಗಲದ ದುಂಡನೆ ಕಟ್ಟೆ. ಕೆಳಗೆ ನೋಡಿದರೆ ಹೊಟ್ಟೆಯಲ್ಲಿ ಏನೋ ಜಾರುತ್ತದೆ. ಅಲ್ಲಿದ್ದ ಕಾವಲಿನವರು ನನ್ನನ್ನು ಆಚೆ ಬದಿಗೆ ಕಳಿಸಿದರು. "ಗ್ವಾಡಿಗೆ ಕಿವಿ ಹಚ್ಚಿ ಕೂಡ್ರಿ ಅಕ್ಕಾರ. ಅಜ್ಜಾರು ಇಲ್ಲಿಂದ ಸಣ್ಣಗ ಮಾತಾಡ್ತಾರ."

ಕಿವಿ ಇಟ್ಟೆ. ಗೋಡೆ ಐಸಿನಂತೆ ತಣ್ಣಗಿತ್ತು. ಆಚೆ ಬದಿಯಲ್ಲಿ ಅಪ್ಪ ಕಡ್ಡಿಯಷ್ಟು ಕಾಣುತ್ತಿದ್ದರು. ಗೋಡೆಗೆ ಮುಖ ಮಾಡಿ ನಿಂತಿದ್ದರು, ಏನು ಹೇಳುವುದು ಎಂದು ತೋಚದವರ ಹಾಗೆ. ಆಮೇಲೆ ನನ್ನ ಕಿವಿಯ ಪಕ್ಕದಲ್ಲೇ, ಗೋಡೆಯೊಳಗಿಂದ ಬಂದಂತೆ, ಅವರ ದನಿ ಕೇಳಿತು.

"ನೀರು ಬಂತಾ?"

ಮೂವತ್ಮೂರು ವರ್ಷ ನಮ್ಮ ಮನೆಯ ಫೋನಿನಲ್ಲಿ ಕೇಳಿದ ಮಾತು. ಪಂಪ್‌ಹೌಸಿನಿಂದ ವಾಲ್ವ್ ತೆಗೆದು, ಲೈನಿನ ಕೊನೆಯಲ್ಲಿದ್ದ ನಮ್ಮ ಮನೆಗೆ ಫೋನ್ ಮಾಡಿ ಕೇಳುತ್ತಿದ್ದರು. ನಮ್ಮ ನಲ್ಲಿಗೆ ಬಂದರೆ ಊರಿಗೆಲ್ಲ ಬಂದ ಹಾಗೆ.

"ಬಂತಪ್ಪಾ" ಎಂದೆ, ಗೋಡೆಗೆ. ಆಚೆ ಬದಿಯ ಕಡ್ಡಿ ಕೈ ಎತ್ತಿತು.

ಎಂಟು ಗಂಟೆಗೆ ಮೊದಲ ಸ್ಕೂಲ್ ಬಸ್ಸು ಬಂದ ಸದ್ದು ಕೇಳಿ ನಾವು ಇಳಿಯಲು ಶುರು ಮಾಡಿದೆವು. ಒಂದು ಮಾತು ಹೇಳುತ್ತೇನೆ. ವಿಜಯಪುರಕ್ಕೆ ಹೋಗುವವರು ಬೇರೆ ಯಾವುದರಲ್ಲಿ ಬೇಕಾದರೂ ದುಡ್ಡು ಉಳಿಸಿ, ಆದರೆ ಬೆಳಗಿನ ನಿದ್ದೆ ಉಳಿಸಬೇಡಿ.

ತಿಂಡಿಗೆ ಚುನಮುರಿಯ ಸೂಸಲ, ಜೊತೆಗೆ ಮಿರ್ಚಿ. ಆಮೇಲೆ ಪಶ್ಚಿಮದ ಕಡೆಗೆ ಸಿಟಿ ಬಸ್ಸು. ಕಂಡಕ್ಟರ್ ನನ್ನ ಆಧಾರ್ ನೋಡಿ ಸೊನ್ನೆ ಟಿಕೆಟ್ ಕೊಟ್ಟು ಅಪ್ಪನ ಹತ್ತಿರ ದುಡ್ಡು ತೆಗೆದುಕೊಂಡರು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತ ಎಂದು ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಪ್ರತಿ ಸಲ ಟಿಕೆಟ್ ತೆಗೆದುಕೊಂಡ ಮೇಲೆ ನನ್ನ ಟಿಕೆಟ್ ಒಮ್ಮೆ, ತಮ್ಮದು ಒಮ್ಮೆ ನೋಡುತ್ತಾರೆ.

ಉಪ್ಲಿ ಬುರುಜು 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು. ಎಂಬತ್ತು ಅಡಿ ಎತ್ತರದ ದುಂಡು ಗೋಪುರ, ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡು ಹೋಗುತ್ತದೆ. ಮೇಲೆ ಉದ್ದನೆ ತೋಪುಗಳು. ಹತ್ತಿದ್ದು ನಾನೊಬ್ಬಳೇ. ಅಪ್ಪನ ಮೊಣಕಾಲು ಬೆಳಿಗ್ಗೆಯೇ ಕೋಟಾ ಮುಗಿಸಿತ್ತು.

ಮಲಿಕ್-ಎ-ಮೈದಾನ್ ಹತ್ತಿರ ಮಾತ್ರ ಅವರು ಬಹಳ ಹೊತ್ತು ನಿಂತರು. ಐವತ್ತೈದು ಟನ್ ತೂಕದ ಎರಕದ ತೋಪು. ಬಾಯಿಯ ಜಾಗದಲ್ಲಿ ಸಿಂಹದ ಮುಖ, ಹಲ್ಲಿನ ನಡುವೆ ಆನೆ ಸಿಕ್ಕಿಕೊಂಡಿದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಆಮೇಲೆ ಪರಾಂಡಾ ಕೋಟೆಯಿಂದ ಇಲ್ಲಿಗೆ ಬಂತು. ಅದನ್ನು ಎಳೆಯಲು 400 ಎತ್ತು, 10 ಆನೆ ಬೇಕಾಯಿತಂತೆ. ಬಿಸಿಲಲ್ಲಿ ನಿಂತಿದ್ದರೂ ಕೈ ಇಟ್ಟರೆ ತಣ್ಣಗಿತ್ತು. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹಳೇ ಸಾಮಾನಿನಂತೆ ಹರಾಜು ಹಾಕಿದ್ದರು. ಹೋಗಿದ್ದು 150 ರೂಪಾಯಿಗೆ. ಯಾರಿಗೋ ಬುದ್ಧಿ ಬಂದು ಆ ಹರಾಜು ರದ್ದಾಯಿತು. "ನಮ್ಮ ರೂಮಿನ ಬಾಡಿಗೆಗೆ ನಾಲ್ಕು ತೋಪು ಬರ್ತಿತ್ತು" ಎಂದರು ಅಪ್ಪ.

ಅಲ್ಲಿಂದ ತಾಜ್ ಬಾವಡಿ. ಎರಡನೇ ಇಬ್ರಾಹಿಂ ಆದಿಲ್ ಶಾ ಬೇಗಂ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿಸಿದ ಬಾವಿ. ಬಾವಿ ಅನ್ನಲು ನಾಲಿಗೆ ಬರುವುದಿಲ್ಲ, ಕೆರೆಯೇ ಅದು. ಎರಡು ಕಡೆ ಎಂಟು ಮೂಲೆಯ ಗೋಪುರ, ನಡುವೆ ದೊಡ್ಡ ಕಮಾನು, ಕಮಾನಿನ ಕೆಳಗಿನಿಂದ ನೀರಿಗೆ ಇಳಿಯುವ ಮೆಟ್ಟಿಲು. ಕೆಲವು ವರ್ಷಗಳ ಹಿಂದೆ ಇದು ಹೂಳು, ಪ್ಲಾಸ್ಟಿಕ್, ಗಣೇಶನ ಮೂರ್ತಿಗಳಿಂದ ತುಂಬಿಹೋಗಿತ್ತು. ಹೂಳು ತೆಗೆದ ಮೇಲೆ ನೀರು ಉಸಿರಾಡುತ್ತಿದೆ. ಅಪ್ಪ ಮೆಟ್ಟಿಲ ಮೇಲೆ ಕೂತು ಗೋಡೆಯ ಮೇಲಿನ ಗುರುತುಗಳನ್ನು ನೋಡುತ್ತಾ ಯಾವ ವರ್ಷ ಎಲ್ಲಿವರೆಗೆ ನೀರು ಏರಿರಬಹುದು ಎಂದು ಲೆಕ್ಕ ಹಾಕಿದರು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರಿಗೂ ಅದೇ ವಿಷಯ ಬೇಕಾಗಿತ್ತು. ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರು. ಇವರ ತುಮಕೂರು ಮಾತು ಅವರಿಗೆ ಅರ್ಧ, ಅವರ ಮಾತು ಇವರಿಗೆ ಅರ್ಧ. ಕೊನೆಗೆ ಅವರು, "ಈಗ ನಮ್ಮೂರಿಗೆ ನೀರು ಕೃಷ್ಣಾದಿಂದ ಬರ್ತದರಿ, ಕೊಲ್ಹಾರದಿಂದ" ಎಂದರು. ಅಪ್ಪ ತಕ್ಷಣ, "ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ?" ಎಂದರು. ಆ ಹಿರಿಯರು ನಕ್ಕರೇ ಹೊರತು ಉತ್ತರ ಕೊಡಲಿಲ್ಲ.

ನನಗೆ ಅಲ್ಲೊಂದು ವಿಷಯ ಹೊಳೆಯಿತು. ಈ ಊರಿನಲ್ಲಿ ಗುಮ್ಮಟ, ತೋಪು, ಬುರುಜು ಎಲ್ಲ ಗಂಡಸರ ಸುತ್ತ. ನೀರಿನ ಜಾಗಗಳಿಗೆ ಮಾತ್ರ ಹೆಂಗಸರ ಹೆಸರು. ತಾಜ್ ಬಾವಡಿ ತಾಜ್ ಸುಲ್ತಾನಾಳದ್ದು, ಚಾಂದ್ ಬಾವಡಿ ಚಾಂದ್ ಬೀಬಿಯದು, ನಾಳೆ ನೋಡಬೇಕಿದ್ದ ಬೇಗಂ ತಲಾಬ್ ಜಹಾನ್ ಬೇಗಂಳದ್ದು.

ಊಟ ಆದ ಮೇಲೆ ಆಟೋ ಮಾಡಿಕೊಂಡು ಸಾಠ್ ಕಬರ್‌ಗೆ ಹೋದೆವು. ಊರಿನಿಂದ ಐದು ಕಿಲೋಮೀಟರ್. ಹೋಗಿ, ಕಾದು, ಬರಲು 300 ಎಂದು ಮಾತಾಯಿತು. ಹೊಲದ ನಡುವಿನ ಕಟ್ಟೆಯ ಮೇಲೆ ಕಪ್ಪು ಕಲ್ಲಿನ ಗೋರಿಗಳು, ಸಾಲು ಸಾಲಾಗಿ, ಎಲ್ಲ ಒಂದೇ ಅಳತೆ, ಅರವತ್ತಕ್ಕೂ ಮೇಲೆ. 1659ರಲ್ಲಿ ಶಿವಾಜಿಯನ್ನು ಎದುರಿಸಲು ಹೊರಟ ಆದಿಲ್ ಶಾಹಿ ಸೇನಾಪತಿ ಅಫ್ಜಲ್ ಖಾನ್, ತಾನು ವಾಪಸ್ ಬರುವುದಿಲ್ಲ ಎಂದು ಜ್ಯೋತಿಷಿ ಹೇಳಿದ್ದಕ್ಕೆ ತನ್ನ ಹೆಂಡತಿಯರನ್ನೆಲ್ಲ ಕೊಲ್ಲಿಸಿದ ಎಂಬುದು ಜನ ಹೇಳುವ ಕಥೆ. ಕಥೆ ಎಷ್ಟು ನಿಜವೋ, ಗೋರಿಗಳಂತೂ ಕಣ್ಣ ಮುಂದಿವೆ. ಎಣಿಸುವುದು ಅಪ್ಪನ ಸ್ವಭಾವ. ಇಲ್ಲಿ ಎರಡು ಸಾಲು ಎಣಿಸಿ ನಿಲ್ಲಿಸಿದರು. ರಂಭಾಳ ಕಥೆಯಂತೆ ಇದನ್ನು ತಳ್ಳಿಹಾಕಲು ನನಗಾಗಲಿಲ್ಲ. ಇಬ್ಬರೂ ಏನೂ ಮಾತಾಡದೆ ಆಟೋ ಹತ್ತಿದೆವು.

ಇದೇ ಬದಿಗೆ ತೊರವಿ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು, ನರಸಿಂಹ ದೇವರ ಊರು. ನೆಲದಡಿಯ ಸುರಂಗಗಳಲ್ಲಿ ವಿಜಯಪುರಕ್ಕೆ ನೀರು ಹರಿದು ಬರುತ್ತಿದ್ದದ್ದೂ ಈ ಕಡೆಯಿಂದಲೇ. ಅಲ್ಲಲ್ಲಿ ಮೇಲಿನಿಂದ ಬಾವಿಯಂತೆ ತೋಡಿ ಗಾಳಿ, ಬೆಳಕು ಬಿಟ್ಟಿದ್ದಾರೆ. ಹೂಳು ಎತ್ತಲು ಇಳಿಯುವುದೂ ಅದರಲ್ಲೇ. "ನಮ್ಮ ಮ್ಯಾನ್‌ಹೋಲ್ ಇದ್ದ ಹಾಗೆ" ಎಂದು ನಾನು ಅಂದಿದ್ದಕ್ಕೆ ಅಪ್ಪನಿಗೆ ಸಿಟ್ಟು ಬಂತು. "ಕುಡಿಯೋ ನೀರಿಗೆ ಹಾಗನ್ನಬಾರದು."

ಸಂಜೆ ನಾಲ್ಕಕ್ಕೆ ಇಬ್ರಾಹಿಂ ರೋಜಾ. ಇಲ್ಲೂ 25 ರೂಪಾಯಿ. ಇದನ್ನು ತಾಜ್ ಮಹಲಿಗೆ ಹೋಲಿಸುವುದು ವಾಡಿಕೆ. ಅದರ ಅಗತ್ಯ ಏನೂ ಇಲ್ಲ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾ ಬೇಗಂ ತಾಜ್ ಸುಲ್ತಾನಾಳ ಗೋರಿಗೆಂದು ಶುರು ಮಾಡಿಸಿದ, ಕೊನೆಗೆ ತಾನೂ ಇಲ್ಲೇ ಮಲಗಿದ. ಸರಸ್ವತಿಗೂ ಪ್ರವಾದಿಗೂ ಒಟ್ಟಿಗೆ ಕೈ ಮುಗಿದು ದಖನಿಯಲ್ಲಿ ಹಾಡು ಕಟ್ಟಿದ ಸುಲ್ತಾನ ಅವನು. ಜನ ಜಗದ್ಗುರು ಎಂದು ಕರೆದರು. ಒಂದೇ ಕಟ್ಟೆಯ ಮೇಲೆ ಒಂದು ಬದಿ ಗೋರಿ, ಎದುರಿಗೆ ಮಸೀದಿ, ನಡುವೆ ಕಾರಂಜಿಯ ಕೊಳ. ಕಿಟಕಿಗಳ ಕಲ್ಲಿನ ಜಾಲರಿಯನ್ನು ದೂರದಿಂದ ನೋಡಿದರೆ ಬಳ್ಳಿ, ಹತ್ತಿರ ಹೋದರೆ ಅಕ್ಷರ. ಅಕ್ಷರಗಳ ನಡುವಿನ ಸಂದಿನಿಂದಲೇ ಬೆಳಕು ಒಳಗೆ ಬರುತ್ತದೆ. ಒಳಕೋಣೆಯ ಮಾಳಿಗೆ ಪೂರ್ತಿ ಚಪ್ಪಟೆ. ಕಲ್ಲಿನ ಹಲಗೆಗಳು ಯಾವ ಆಸರೆಯೂ ಕಾಣದಂತೆ ಅಂಚಿಗೆ ಅಂಚು ಸೇರಿ ನಿಂತಿವೆ. ಗೋಳಗುಮ್ಮಟ ನೋಡಿ ಬಾಯಿ ತೆರೆಯುತ್ತೇವೆ, ಇಲ್ಲಿ ದನಿ ತಾನಾಗಿಯೇ ಇಳಿಯುತ್ತದೆ. ಎರಡರಲ್ಲಿ ಒಂದೇ ನೋಡಲು ಸಮಯ ಇದ್ದರೆ ನಾನು ಇಲ್ಲಿಗೇ ಬರುತ್ತೇನೆ. ಅಪ್ಪ ಒಪ್ಪಲಿಲ್ಲ. ಅವರ ವೋಟು ತಾಜ್ ಬಾವಡಿಗೆ.

ಸೋಮವಾರ

ಕೊನೆಯ ದಿನದ ರೈಲು ಸಂಜೆಗೆ. ಬೆಳಿಗ್ಗೆ ಬೇಗಂ ತಲಾಬ್. ಊರಿನ ದಕ್ಷಿಣಕ್ಕೆ, 1651ರಲ್ಲಿ ಮೊಹಮ್ಮದ್ ಆದಿಲ್ ಶಾ ಕಟ್ಟಿಸಿದ ಕೆರೆ. ಕೆರೆ ಏರಿಯ ಮೇಲೆ ಗಾಳಿ ಜೋರಾಗಿತ್ತು. ಇಲ್ಲಿಂದ ಮಣ್ಣಿನ ಪೈಪುಗಳನ್ನು ಜೋಡಿಸಿ, ಸುತ್ತ ಗಾರೆ ಹಾಕಿ ಭದ್ರ ಮಾಡಿ, ನೀರನ್ನು ತಗ್ಗಿನ ಕಡೆಗೆ ಊರೊಳಗೆ ಹರಿಸಿದರು. ಪಂಪಿಲ್ಲ, ಕರೆಂಟಿಲ್ಲ.

ವಾಪಸ್ ಬರುವಾಗ ಅಪ್ಪ ಕಾಯುತ್ತಿದ್ದದ್ದು ಸಿಕ್ಕಿತು. ರಸ್ತೆ ಬದಿಯಲ್ಲಿ ಕಲ್ಲು, ಗಾರೆಯ ಒಂದು ಚೌಕ ಗೋಪುರ. ಬಾಗಿಲಿಲ್ಲ, ಕೆತ್ತನೆ ಇಲ್ಲ, ಬೋರ್ಡ್ ಇಲ್ಲ. ಬುಡದಲ್ಲಿ ಗೂಡಂಗಡಿ, ಮೇಲೆ ಹುಲ್ಲು ಬೆಳೆದಿದೆ. ಇದಕ್ಕೆ ಗಂಜ್ ಎನ್ನುತ್ತಾರೆ. ಪ್ರವಾಸಿಗರು ಯಾರೂ ನಿಲ್ಲುವುದಿಲ್ಲ. ಅಪ್ಪ ಆಟೋ ನಿಲ್ಲಿಸಿ, ಇಳಿದು, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ನೋಡಮ್ಮ. ಎತ್ತರದಿಂದ ಮುಚ್ಚಿದ ಪೈಪಲ್ಲಿ ನೀರು ಇಳಿದು ಬಂದರೆ ಕೆಳಗೆ ಬರ್ತಾ ಬರ್ತಾ ಪ್ರೆಷರ್ ಜಾಸ್ತಿ ಆಗುತ್ತೆ. ಮಣ್ಣಿನ ಪೈಪು ಜಾಯಿಂಟಲ್ಲಿ ಒಡೆದುಹೋಗುತ್ತೆ. ಅದಕ್ಕೆ ನಡುವೆ ಇಂಥದ್ದು ಕಟ್ಟೋದು. ನೀರು ಈ ಗೋಪುರದೊಳಗೆ ಮೇಲೆ ಬರುತ್ತೆ, ಗಾಳಿಗೆ ಬಾಯಿ ಬಿಡುತ್ತೆ, ಪ್ರೆಷರ್ ಅಲ್ಲಿಗೆ ಮುಗೀತು. ಕೆಸರು ತಳದಲ್ಲಿ ಕೂರುತ್ತೆ. ಅಲ್ಲಿಂದ ಮುಂದಕ್ಕೆ ಹೊಸ ಲೆಕ್ಕ."

"ನಿಮ್ಮ ಕಡೆ ಏನಂತಿದ್ರಿ ಇದಕ್ಕೆ?"

"ಬಿಪಿಟಿ. ಬ್ರೇಕ್ ಪ್ರೆಷರ್ ಟ್ಯಾಂಕು. ನಮ್ಮ ಇಂಜಿನಿಯರ್ ಸಾಹೇಬ್ರು ಒಂದು ಕಟ್ಟಿಸೋಕೆ ಆರು ವರ್ಷ ಫೈಲು ಓಡಾಡಿಸಿದ್ರು." ಕಲ್ಲಿನ ಮೇಲೆ ಅಂಗೈ ಇಟ್ಟರು. ನಿನ್ನೆ ಮಲಿಕ್-ಎ-ಮೈದಾನ್ ಮೇಲೆ ಕೈ ಇಟ್ಟಿದ್ದರಲ್ಲ, ಅದು ಬೇರೆ. ಇದು ಜೊತೆಗೆ ಕೆಲಸ ಮಾಡಿದವನ ಹೆಗಲ ಮೇಲೆ ಕೈ ಇಟ್ಟ ಹಾಗಿತ್ತು.

ಗೂಡಂಗಡಿಯವನು ನಮ್ಮನ್ನು ವಿಚಿತ್ರವಾಗಿ ನೋಡಿದ. "ಗೋಳಗುಮ್ಮಟ ಆ ಕಡೆ ಅದರಿ" ಎಂದು ಕೈ ತೋರಿಸಿದ. ಅವನ ಹತ್ತಿರ ಎರಡು ಚಹಾ ಕುಡಿದೆವು. 20 ರೂಪಾಯಿ.

ಮಧ್ಯಾಹ್ನ ಮಾರ್ಕೆಟ್ಟಿನಲ್ಲಿ ಅರ್ಧ ಕೆಜಿ ಒಣದ್ರಾಕ್ಷಿ, ಒಂದು ಪ್ಯಾಕೆಟ್ ಶೇಂಗಾ ಚಟ್ನಿಪುಡಿ, ಒಂದು ಕಟ್ಟು ಖಡಕ್ ರೊಟ್ಟಿ. ಇಂಡಿ ತಾಲ್ಲೂಕಿನ ಲಿಂಬೆಹಣ್ಣು ಅಂದರೆ ಸುಮ್ಮನೆ ಹೋಗಲು ಮನಸ್ಸಾಗದೆ ಅದೂ ಒಂದು ಡಜನ್. ಸ್ಟೇಷನ್ನಿಗೆ ಟಾಂಗಾದಲ್ಲಿ ಹೋಗೋಣ ಎಂದು ನಾನು ಹಟ ಹಿಡಿದೆ. ಆಟೋಗಿಂತ ಜಾಸ್ತಿ ಕೇಳಿದ. ಅಪ್ಪ ಚೌಕಾಸಿ ಮಾಡಿ 100ಕ್ಕೆ ಇಳಿಸಿ, ಹತ್ತಿ ಕೂತ ಮೇಲೆ ಕುದುರೆಯ ಪಕ್ಕೆ ಎಲುಬು ನೋಡಿ, ಇಳಿಯುವಾಗ 120 ಕೊಟ್ಟರು. ಪುಸ್ತಕದಲ್ಲಿ ಟಾಂಗಾ 100, ಹುಲ್ಲು 20 ಎಂದು ಬೇರೆ ಬೇರೆ ಬರೆದರು.

ರೈಲು ಹೊರಟ ಮೇಲೆ ಲೆಕ್ಕ ಕೂಡಿಸಿದರು. ರೈಲು, ರೂಮು, ಊಟ, ಟಿಕೆಟ್, ಆಟೋ, ಚಹಾ, ದ್ರಾಕ್ಷಿ ಎಲ್ಲ ಸೇರಿ 4935. ಎರಡು ಸಲ ಕೂಡಿಸಿ ನೋಡಿದರು. 65 ರೂಪಾಯಿ ಉಳಿದಿದ್ದಕ್ಕೆ ಮುಖ ಅರಳಿತು. ಪುಸ್ತಕಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಜೇಬಿಗಿಟ್ಟರು.

ಆಲಮಟ್ಟಿ ಬರುವ ಹೊತ್ತಿಗೆ ಕತ್ತಲಾಗಿತ್ತು. ಸೇತುವೆಯ ಮೇಲೆ ರೈಲಿನ ಸದ್ದು ಬದಲಾಯಿತು. ಕೆಳಗೆ ನೀರು ಕಾಣುತ್ತಿರಲಿಲ್ಲ, ದೂರದ ದೀಪಗಳು ಮಾತ್ರ ಉದ್ದುದ್ದಕ್ಕೆ ಅಲುಗುತ್ತಿದ್ದವು. ಅಪ್ಪ ಎದ್ದು ಕಿಟಕಿ ಹತ್ತಿರ ಬಂದರು. ಜೇಬಿಗೆ ಕೈ ಹಾಕಿದರು. ಏನೋ ಒಂದು ಸರಳಿಗೆ ತಾಗಿ ಟಣ್ ಎಂದು ಹೊರಗೆ ಹೋಯಿತು.

ನಾನು ನೋಡದವಳಂತೆ ಕೂತೆ. ಅವರು ಸೀಟಿಗೆ ಬಂದು, ರಬ್ಬರ್ ಬ್ಯಾಂಡ್ ಬಿಚ್ಚಿ, ಮೊಬೈಲ್ ಟಾರ್ಚ್ ಹಿಡಿದು ಏನೋ ಬರೆದು, ಮಲಗಿದರು. ಅರಸೀಕೆರೆ ದಾಟಿದ ಮೇಲೆ, ಅವರು ಮುಖ ತೊಳೆಯಲು ಹೋದಾಗ ಪುಸ್ತಕ ತೆಗೆದು ನೋಡಿದೆ. 4935ಕ್ಕೆ ಗೆರೆ ಹೊಡೆದಿತ್ತು. ಅದರ ಕೆಳಗೆ ದುಂಡು ಅಕ್ಷರದಲ್ಲಿ ಒಂದು ಸಾಲು: ನಲ್ಲಿ ಕಂದಾಯ, ಕೃಷ್ಣಾ – 5.